ಅಲ್ಲಿ ಆರಾಧನೆ ಶನಿವಾರ ಕಣೇ ಶಾಲಿನಿ

ಶಾಲಿನಿ, ನಾನು ದೊಡ್ಡಮ್ಮ. ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ್ದು ಈಗ ನೋಡಿದೆ. ಪುಟ್ಟಿಯೂ ಅಳಿಯಂದಿರೂ ಮುಂದಿನ ವಾರ ಕಠ್ಮಂಡುವಿಗೆ ಸೇವೆಗೆ ಹೋಗುತ್ತಿದ್ದಾರೆ, ಶನಿವಾರ ಮಧ್ಯಾಹ್ನ ವಿಮಾನ ಇಳಿಯುತ್ತದೆ, ಅಲ್ಲಿಯ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿಸಿ ಪೋಖರಾ ನೋಡಿಕೊಂಡು ಬರುತ್ತಾರೆ, ಏನೇನು ಕಾಗದ ಬೇಕು, ಹೆದರಿಕೆ ಏನೂ ಇಲ್ಲ ಅಲ್ವಾ ಎಂದು ಕೇಳಿದ್ದೀಯ. ‘ಭಾನುವಾರದ ಆರಾಧನೆ’ ಎಂದು ಓದಿದ ಕೂಡಲೇ ನನ್ನ ಎದೆ ಧಸಕ್ ಎಂದಿತು. ಉದ್ದ ಆದರೂ ಪೂರ್ತಿ ಕೇಳು.

ಅಲ್ಲಿ ಆರಾಧನೆ ಭಾನುವಾರ ಅಲ್ಲ ಕಣೇ. ಶನಿವಾರ. ನೇಪಾಳದಲ್ಲಿ ವಾರದ ರಜೆ ಮೊದಲಿನಿಂದಲೂ ಶನಿವಾರವೇ, ಅದಕ್ಕೇ ಚರ್ಚಿನ ಸಭೆ ಸೇರುವುದೂ ಶನಿವಾರ. ಕರೆದವರು ಹೇಳಿರುವುದಿಲ್ಲ. ಹುಟ್ಟಿದಾಗಿನಿಂದ ಹಾಗೇ ನಡೆದುಕೊಂಡು ಬಂದಿರುವಾಗ ಅದನ್ನು ಬೇರೆ ಹೇಳಬೇಕು ಎಂದು ಅವರಿಗೆ ಯಾಕೆ ಹೊಳೆಯಬೇಕು?

ನಮಗೂ ಯಾರೂ ಹೇಳಲಿಲ್ಲ. 2009ರಲ್ಲಿ ನಿಮ್ಮ ದೊಡ್ಡಪ್ಪ ಮತ್ತು ನಾನು ಹೋದದ್ದು ನಿಮಗೆಲ್ಲ ನೆನಪಿದೆ. ಹಾಸನದಿಂದ ಬೆಂಗಳೂರು, ಅಲ್ಲಿಂದ ರೈಲಿನಲ್ಲಿ ಗೋರಖ್‌ಪುರ, ಮತ್ತೆ ಬಸ್ಸಿನಲ್ಲಿ ಸುನೌಲಿ. ಅಲ್ಲಿ ಗಡಿ ಎಂದರೆ ಒಂದು ದೊಡ್ಡ ಕಮಾನು, ಅದರ ಕೆಳಗೆ ನಡೆದು ಹೋದರೆ ನೇಪಾಳ. ಗಡಿಯಾರ ಕಾಲು ಗಂಟೆ ಮುಂದೆ ಇಟ್ಟುಕೊಳ್ಳಿ ಎಂದು ಬಸ್ಸಿನವನು ಹೇಳಿದ. ನಿಮ್ಮ ದೊಡ್ಡಪ್ಪ ತಕ್ಷಣ ತಿರುಗಿಸಿಕೊಂಡರು. ಅವರಿಗೆ ಆರಾಧನೆಗೆ ಒಂದು ನಿಮಿಷ ತಡವಾದರೂ ಆಗುತ್ತಿರಲಿಲ್ಲ, ನಿಮಗೇ ಗೊತ್ತು. ಕಾಲು ಗಂಟೆ ಸರಿ ಮಾಡಿಕೊಂಡೆವು, ಇಡೀ ದಿನ ತಪ್ಪಿದ್ದು ಗೊತ್ತಾಗಲೇ ಇಲ್ಲ.

ಬೆಟ್ಟದ ದಾರಿಯಲ್ಲಿ ಮಣ್ಣು ಕುಸಿದು ಬಸ್ಸು ಗಂಟೆಗಟ್ಟಲೆ ನಿಂತಿತು. ಕಠ್ಮಂಡು ಸೇರುವಾಗ ಶನಿವಾರ ಸಂಜೆ. ಸಭೆಯ ಹಿರಿಯರು ಬಸ್ ನಿಲ್ದಾಣಕ್ಕೆ ಬಂದಿದ್ದರು. ‘ಜೈ ಮಸೀ’ ಎಂದು ಎರಡೂ ಕೈ ಜೋಡಿಸಿದರು. ಮುಖ ಮಾತ್ರ ಬಾಡಿತ್ತು. ದಣಿದಿದ್ದಾರೇನೋ ಅಂದುಕೊಂಡೆ. ಅವರೂ ಏನೂ ಹೇಳಲಿಲ್ಲ, ಊಟ ಹಾಕಿಸಿ ಮಲಗಿಸಿದರು.

ಬೆಳಿಗ್ಗೆ ನಾನು ಬೇಗ ಎದ್ದು, ತಲೆ ಬಾಚಿ, ಆರಾಧನೆಗೆ ಎಂದೇ ತಂದಿದ್ದ ಬಿಳಿ ಸೀರೆ ಉಟ್ಟೆ. ಕಿಟಕಿ ತೆಗೆದರೆ ಬೀದಿಯಲ್ಲಿ ಮಕ್ಕಳು ಯೂನಿಫಾರ್ಮ್ ಹಾಕಿಕೊಂಡು, ಬ್ಯಾಗ್ ಹೊತ್ತು ಶಾಲೆಗೆ ಹೋಗುತ್ತಿವೆ. ಭಾನುವಾರ! ಅಂಗಡಿಗಳೆಲ್ಲ ತೆಗೆದಿವೆ. ಆಗ ಹಿರಿಯರ ಹೆಂಡತಿ ಚಹಾ ತಂದು, ಮೆಲ್ಲಗೆ ಹಿಂದಿಯಲ್ಲಿ ಹೇಳಿದರು. ಸಭೆಯವರು ಹಿಂದಿನ ದಿನ ಮಧ್ಯಾಹ್ನ ಮೂರರವರೆಗೂ ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಕೂತು, ಹಾಡುತ್ತಾ ನಮಗಾಗಿ ಕಾದಿದ್ದರಂತೆ. ಎಲ್ಲರಿಗೂ ದಾಲ್ ಭಾತ್ ಮಾಡಿಸಿದ್ದರಂತೆ. ಒಬ್ಬ ಅಜ್ಜಿ ಹಿಂದುಸ್ತಾನದ ಅಮ್ಮನನ್ನು ನೋಡಬೇಕು ಎಂದು ಶುಕ್ರವಾರವೇ ಬೆಟ್ಟ ಇಳಿದು ನಡೆದು ಬಂದಿದ್ದರಂತೆ. ಕತ್ತಲಾಗುವ ಮೊದಲು ವಾಪಸ್ ಹೊರಟುಬಿಟ್ಟಿದ್ದರು. ನಾನು ಆ ಬಿಳಿ ಸೀರೆಯಲ್ಲೇ ಮಂಚದ ಮೇಲೆ ಕೂತು ಅತ್ತೆ. ಆ ಅಜ್ಜಿಯ ಮುಖ ನಾನು ನೋಡಲೇ ಇಲ್ಲ, ಆದರೂ ಇವತ್ತಿನವರೆಗೆ ಅವರಿಗಾಗಿ ಪ್ರಾರ್ಥನೆ ಮಾಡುತ್ತೇನೆ. ಮುಂದಿನ ಶನಿವಾರದವರೆಗೆ ಇರೋಣ ಎಂದರೆ ವಾಪಸ್ ರೈಲು ಬುಧವಾರಕ್ಕೇ ಬುಕ್ ಆಗಿತ್ತು.

ಅದಕ್ಕೇ ಮತ್ತೆ ಹೇಳುತ್ತೇನೆ, ಅಳಿಯಂದಿರಿಗೂ ಕೇಳಿಸು. ಆರಾಧನೆ ಭಾನುವಾರ ಅಲ್ಲ, ಶನಿವಾರ. ಗುರುವಾರವೇ ಹೊರಡಲಿ. ಟಿಕೆಟ್ ಬದಲಾಯಿಸಲು ದುಡ್ಡು ಜಾಸ್ತಿ ಆದರೆ ನನ್ನ ಪೆನ್ಷನ್‌ನಲ್ಲಿ ಕೊಡುತ್ತೇನೆ. ಮೊದಲು ಕರೆದವರಿಗೆ ಫೋನ್ ಮಾಡಿ ವಾರ ಮತ್ತು ತಾರೀಕು ಎರಡನ್ನೂ ಬಾಯಿಬಿಟ್ಟು ಕೇಳಲಿ.

ಇನ್ನೊಂದು ಮಾತು ನನ್ನ ಹೊಟ್ಟೆಯಲ್ಲಿ ಉಳಿದಿದೆ. ನಾವು ವಾಪಸ್ ಬಂದ ವರ್ಷ ಇಲ್ಲಿಯ ಸಭೆಯ ವರದಿ ಓದಿದರು. ಯಾವ ಸಭೆ ಎಂದು ಹೇಳುವುದಿಲ್ಲ. ‘ಅಯ್ಯನವರು ನೇಪಾಳಕ್ಕೆ ಸೇವೆಗೆ ಹೋಗಿ ಬಂದರು.’ ಅಷ್ಟೇ. ಅಯ್ಯನವರು ಎಂದರೆ ದೊಡ್ಡಪ್ಪ, ನಾನು ಎಲ್ಲೂ ಇಲ್ಲ! ಮನೆ ಮನೆ ಹತ್ತಿ ಸ್ವೆಟರ್ ಒಟ್ಟು ಮಾಡಿದವಳು ನಾನು. ಉಳಿದ ಮೂರು ದಿನ ಅಲ್ಲಿಯ ಹೆಂಗಸರ ಜೊತೆ ಅಡುಗೆಮನೆಯಲ್ಲಿ ಕೂತು ಪ್ರಾರ್ಥನೆ ಮಾಡಿದವಳು, ಮಕ್ಕಳಿಗೆ ಹಾಡು ಕಲಿಸಿದವಳು ನಾನು. ದೊಡ್ಡಪ್ಪ ಎದ್ದು ನಿಂತು ‘ಇಬ್ಬರೂ ಹೋಗಿದ್ದೆವು’ ಎಂದರು, ಆದರೂ ಬರೆದದ್ದನ್ನು ಯಾರೂ ತಿದ್ದಲಿಲ್ಲ. ಚರ್ಚಿನ ಸ್ತ್ರೀಯರ ಅನ್ಯೋನ್ಯಕೂಟದಲ್ಲಿ ಇಷ್ಟು ವರ್ಷ ದುಡಿದ ಯಾರನ್ನು ಬೇಕಾದರೂ ಕೇಳು, ಇದೇ ಕಥೆ ಹೇಳುತ್ತಾರೆ. ನನ್ನ ಅಮ್ಮ ರೆಡ್‌ಫರ್ನ್ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬಂದು, ಆಮೇಲೆ ಸಂಡೇ ಸ್ಕೂಲ್ ನಡೆಸುತ್ತಿದ್ದರು. ಅವರ ಹೆಸರೂ ಯಾವ ಪುಸ್ತಕದಲ್ಲೂ ಇಲ್ಲ. ಪುಟ್ಟಿ ಹಾಗಾಗಬಾರದು. ನೀನು ಹಾಕಿದ ಆಮಂತ್ರಣದಲ್ಲಿ ಅಳಿಯಂದಿರ ಹೆಸರು ಮಾತ್ರ ಇದೆ, ‘ಮತ್ತು ಕುಟುಂಬ’ ಎಂದು ಕೆಳಗೆ ಬರೆದಿದ್ದಾರೆ. ಅವಳು ಕುಟುಂಬ ಅಲ್ಲ, ಅವಳೂ ಸೇವೆಗೆ ಹೋಗುತ್ತಿರುವವಳು. ಇಬ್ಬರ ಹೆಸರೂ ಬರೆಯಿಸಿ ಎಂದು ಅಳಿಯಂದಿರೇ ಕೇಳಲಿ. ಅವರು ಒಳ್ಳೆಯವರು, ಕೇಳುತ್ತಾರೆ.

ಅಯ್ಯೋ, ನೀನು ಕೇಳಿದ್ದು ಕಾಗದದ ವಿಷಯ. ತಡಿ, ಹೇಳುತ್ತೇನೆ.

ನಮ್ಮವರಿಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವಾಗ ಪಾಸ್‌ಪೋರ್ಟ್ ಇರಬೇಕು, ಇಲ್ಲದಿದ್ದರೆ ವೋಟರ್ ಕಾರ್ಡ್. ಪುಟ್ಟಿಯ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ. ಪುಟ್ಟಿಗೆ ಪಾಸ್‌ಪೋರ್ಟ್ ಇಲ್ಲ ಎಂದು ನನ್ನ ನೆನಪು. ಅವಳ ವೋಟರ್ ಕಾರ್ಡ್ ನಿನ್ನ ಬೀರುವಿನಲ್ಲೇ ಇರಬೇಕು, ಮದುವೆಗೆ ಮುಂಚಿನದು. ಟಿಕೆಟ್‌ನಲ್ಲಿ ಅವಳ ಹೆಸರು ಅದರಲ್ಲಿ ಇದ್ದ ಹಾಗೇ ಇದೆಯಾ ನೋಡು. ಜೆರಾಕ್ಸ್ ಅಲ್ಲ, ಅಸಲು ಕಾರ್ಡೇ ಕೊಡು.

ಹೆದರಿಕೆ ವಿಷಯ. ಅಲ್ಲಿ ಮತಾಂತರ ಮಾಡಿಸುವುದು ಅಪರಾಧ. 2015ರ ಸಂವಿಧಾನದಲ್ಲೇ ಬರೆದಿದ್ದಾರೆ, ಆಮೇಲೆ ಬಂದ ಕಾನೂನಿನ ಪ್ರಕಾರ ಐದು ವರ್ಷದವರೆಗೆ ಜೈಲು ಆಗಬಹುದು, ಹೊರಗಿನವರನ್ನು ಆಮೇಲೆ ದೇಶದಿಂದ ಕಳಿಸುತ್ತಾರೆ. ಪುಟ್ಟಿ, ಅಳಿಯಂದಿರಿಂದ ಅಲ್ಲಿಯ ಸಭೆಯವರಿಗೆ ತೊಂದರೆ ಆಗಬಾರದು. ಬೀದಿಯಲ್ಲಿ ಕರಪತ್ರ ಹಂಚುವುದು ಬೇಡ, ಹಿರಿಯರು ಹೇಳಿದ ಹಾಗೆ ನಡೆದುಕೊಳ್ಳಲಿ.

ಪೋಖರಾ ಸುಮಾರು 200 ಕಿಲೋಮೀಟರ್, ಆದರೆ ಬಸ್ಸಿನಲ್ಲಿ ಇಡೀ ದಿನ ಹಿಡಿಯುತ್ತದೆ. ಶಿರಾಡಿ ಘಾಟಿನಲ್ಲಿ ಪುಟ್ಟಿಗೆ ಆಗುವ ವಾಂತಿ ಗೊತ್ತಲ್ಲ, ಮಾತ್ರೆ ಇಟ್ಟುಕೊಳ್ಳಲಿ. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಒಂದು ರೂಪಾಯಿ ಅರವತ್ತು ಪೈಸೆ. ಅರ್ಧ ಕೆ.ಜಿ. ಕಾಫಿಪುಡಿ ಕಟ್ಟಿಡುತ್ತೇನೆ, ಅಲ್ಲಿಯ ಹಿರಿಯರ ಮನೆಗೆ ಕೊಡಲಿ, ಅವರಿಗೆ ಚಹಾ ಬಿಟ್ಟು ಬೇರೆ ಗೊತ್ತಿಲ್ಲ.

ವೋಟರ್ ಕಾರ್ಡ್ ಸಿಕ್ಕಿತಾ ಇಲ್ಲವಾ ಎಂದು ಇವತ್ತು ರಾತ್ರಿಯೇ ಹೇಳು.