ಅಪ್‌ಡೇಟ್: ನಿವೃತ್ತರಾದ ಅಮ್ಮ ಕೊನೆಗೂ ತಮ್ಮ ಕಥೆ ಹೇಳಿದರು

ಅಮ್ಮನ ಸಂಸಾರ, ನೌಕರಿ ಮತ್ತು ಸಮಾಜಸೇವೆಯ ಬದುಕನ್ನು ಬರೆದಿಡಬೇಕು, ಆದರೆ ಅವರು ‘ನನ್ನದೇನಿದೆ ಹೇಳಲು’ ಎಂದು ಮಾತು ತೇಲಿಸುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೆ. ಪ್ರಶ್ನೆಗಳ ಪಟ್ಟಿ ಹಿಡಿದು ಕೂರುವ ಸಲಹೆ ಫಲಿಸಲಿಲ್ಲ. ಉತ್ತರಗಳು ಅರ್ಜಿ ತುಂಬಿದಂತೆ ಚುಟುಕಾಗಿದ್ದವು. ಕೆಲಸಕ್ಕೆ ಬಂದದ್ದು, ಹಳೆಯ ಫೋಟೋಗಳನ್ನು ಮುಂದಿಟ್ಟು ಸುಮ್ಮನಿರಿ ಎಂದವರ ಮಾತು. ನೌಕರಿಗೆ ಸೇರಿದ ಹೊಸತರ ಮಸುಕಾದ ಚಿತ್ರವೊಂದು ಕೈಗೆ ಸಿಕ್ಕಿದ್ದೇ ತಡ, ಕಚೇರಿ ಮುಗಿದ ಮೇಲೆ ಓದು ಬಾರದ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದ ದಿನಗಳನ್ನು, ಮನೆಯಲ್ಲಿ ನಮಗಾರಿಗೂ ಗೊತ್ತಿರದ ಆ ಸಂಗತಿಯನ್ನು, ತಾವಾಗಿಯೇ ಬಿಚ್ಚಿಟ್ಟರು. ಇಳಿವಯಸ್ಸಿನವರಿಗೆ ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳೇ ಹೆಚ್ಚಾಗಿ ಮರುಕಳಿಸುತ್ತವೆಂದು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರಂತೆ; ಹಾಗಾಗಿ ಆ ಕಾಲದ ಚಿತ್ರಗಳಿಂದಲೇ ಆರಂಭಿಸಿ. ಧ್ವನಿಮುದ್ರಣಕ್ಕೆ ಮಾತ್ರ ಅವರಿನ್ನೂ ಒಪ್ಪಿಲ್ಲವಾದ್ದರಿಂದ, ಅವರು ಮಲಗಿದ ಮೇಲೆ ನೆನಪಿರುವಷ್ಟನ್ನು ಬರೆದುಕೊಳ್ಳುತ್ತಿದ್ದೇನೆ.