ನಿಧಾನವಾಗಿ ಒತ್ತಿದರೆ ಕೆಲಸ ಏಕೆ ಕಡಿಮೆ?

ಪ್ರಶ್ನೆ (ಬಿ.ಎಸ್‌ಸಿ. ಎರಡನೇ ವರ್ಷದ ವಿದ್ಯಾರ್ಥಿನಿ): ಮೇಡಂ, ನಮಸ್ಕಾರ. ತಾಪ ಬದಲಾಗದಂತೆ ಅನಿಲವನ್ನು ಅತಿ ನಿಧಾನವಾಗಿ ಒತ್ತಿದಾಗ ತಗಲುವ ಕೆಲಸವೇ ಕನಿಷ್ಠ ಎಂದು ನಮ್ಮ ಪಠ್ಯದಲ್ಲಿದೆ. ಸೂತ್ರ ಬಾಯಿಪಾಠವಾಗಿದೆ, ಮನಸ್ಸಿಗೆ ಒಪ್ಪಿಗೆಯಾಗಿಲ್ಲ. ಅದೇ ಅನಿಲ, ಅದೇ ಆರಂಭ, ಅದೇ ಕೊನೆ. ಅವಸರಪಟ್ಟ ತಪ್ಪಿಗೆ ಹೆಚ್ಚು ಶಕ್ತಿಯ ದಂಡ ಏಕೆ?

ಉತ್ತರ (ಕಂಪ್ರೆಸರ್ ವಿನ್ಯಾಸದ ಇಂಜಿನಿಯರ್): ದಂಡ ಎಂಬ ಮಾತು ಚೆನ್ನಾಗಿದೆ. ಎಷ್ಟು ದಂಡ ಎಂದು ಲೆಕ್ಕ ಹಾಕಿಯೇ ನೋಡೋಣ.

300 ಕೆಲ್ವಿನ್ ತಾಪದಲ್ಲಿ ಒಂದು ಮೋಲ್ ಆದರ್ಶ ಅನಿಲವಿದೆ. ಒತ್ತಡ 1 ಬಾರ್. ಅದನ್ನು 2 ಬಾರ್‌ಗೆ ಏರಿಸಬೇಕು. ಪಿಸ್ಟನ್ ಮೇಲೆ ಪೂರ್ತಿ ತೂಕವನ್ನು ಒಂದೇ ಸಲ ಹೇರಿದಿರಿ ಎನ್ನಿ. ಒಳಗಿನ ಅನಿಲ ಮೊದಮೊದಲು 1 ಬಾರ್‌ನಷ್ಟೇ ಎದುರೊತ್ತುತ್ತಿದ್ದರೂ ನೀವು ಉದ್ದಕ್ಕೂ 2 ಬಾರ್‌ನಿಂದ ದೂಡುತ್ತೀರಿ. ತಗಲಿದ ಕೆಲಸ 2,494 ಜೂಲ್. ಅದೇ ತೂಕವನ್ನು ರಾಗಿ ಕಾಳಿನಂತೆ ಒಂದೊಂದಾಗಿ ಸುರಿದರೆ ಪ್ರತಿ ಕ್ಷಣವೂ ಒಳಗಿನ ಒತ್ತಡಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು ಒತ್ತುತ್ತೀರಿ. ಆಗ ಸಾಕಾಗುವುದು 1,729 ಜೂಲ್. ಹತ್ತು ಹಂತಗಳಲ್ಲಿ ಜಾಣತನದಿಂದ ತೂಕ ಏರಿಸಿದರೆ ಸುಮಾರು 1,790. ಹಂತಗಳು ಹತ್ತರಿಂದ ನೂರಾದರೆ ಹೆಚ್ಚುವರಿ ಕೆಲಸ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ.

ಈಗ ತಿರುಗಿ ಬನ್ನಿ. ಕಾಳುಗಳನ್ನು ಒಂದೊಂದಾಗಿ ತೆಗೆದರೆ ಅನಿಲ ಹಿಗ್ಗುತ್ತಾ 1,729 ಜೂಲ್ ಅನ್ನೂ ನಿಮಗೆ ಮರಳಿಸುತ್ತದೆ. ಹೇರಿದ ತೂಕವನ್ನು ಒಮ್ಮೆಲೇ ಎತ್ತಿದರೆ ಸಿಗುವುದು 1,247 ಮಾತ್ರ. 2,494 ಕೊಟ್ಟು ಅರ್ಧ ಪಡೆದಿರಿ. ಉಳಿದದ್ದು ಶಾಖವಾಗಿ ಸುತ್ತಲ ಗಾಳಿಯ ಪಾಲು.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು, ಪಿಯು ಉಪನ್ಯಾಸಕರು): ಹಾಗಾದರೆ ನಿಧಾನವಾಗಿ ನಡೆದದ್ದೆಲ್ಲ ರಿವರ್ಸಿಬಲ್, ಅಂದರೆ ನಷ್ಟವಿಲ್ಲದೆ ಹಿಂದಿರುಗಿಸಬಹುದಾದದ್ದು, ಎಂದು ಮಕ್ಕಳಿಗೆ ಹೇಳಬಹುದೇ ಮೇಡಂ?

ಉತ್ತರ: ದಯವಿಟ್ಟು ಹೇಳಬೇಡಿ ಸರ್! ಸೂಜಿಮೊನೆಯಷ್ಟು ತೂತಾದ ಟೈರ್ ರಾತ್ರಿಯಿಡೀ ಗಾಳಿ ಬಿಡುತ್ತದೆ. ಅಷ್ಟು ನಿಧಾನ, ಆದರೂ ಬೆಳಿಗ್ಗೆ ನಿಮಗೆ ದಕ್ಕಿದ ಕೆಲಸ ಸೊನ್ನೆ. ತೂತಿನ ಒಳಗೂ ಹೊರಗೂ ಒತ್ತಡದ ಅಂತರ ದೊಡ್ಡದಾಗಿಯೇ ಇತ್ತಲ್ಲ. ಒಣ ಘರ್ಷಣೆಯೂ ಹಾಗೆಯೇ. ಪೆಟ್ಟಿಗೆಯನ್ನು ನೆಲದ ಮೇಲೆ ಎಷ್ಟೇ ಮೆಲ್ಲಗೆ ಎಳೆದರೂ ಆ ನಷ್ಟ ಮಾಯವಾಗುವುದಿಲ್ಲ.

ಇನ್ನೊಂದು ತಕರಾರು. ಪಠ್ಯಪುಸ್ತಕಗಳು ‘ಅನಂತ ನಿಧಾನ’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಯಾವುದಕ್ಕೆ ಹೋಲಿಸಿದರೆ ನಿಧಾನ? ಹತ್ತು ಸೆಂಟಿಮೀಟರ್ ಉದ್ದದ ಸಿಲಿಂಡರಿನಲ್ಲಿ ಒತ್ತಡದ ಸುದ್ದಿ ಶಬ್ದದ ವೇಗದಲ್ಲಿ, ಅಂದರೆ ಸುಮಾರು 0.3 ಮಿಲಿಸೆಕೆಂಡಿನಲ್ಲಿ, ತುದಿ ಮುಟ್ಟುತ್ತದೆ. ಒತ್ತಡದ ಲೆಕ್ಕದಲ್ಲಿ ಸೆಕೆಂಡಿಗೆ ಒಂದು ಮೀಟರ್ ಓಡುವ ಪಿಸ್ಟನ್ ಕೂಡ ಸೋಮಾರಿಯೇ. ಶಾಖದ ಕಥೆ ಬೇರೆ. ಅದು ಲೋಹದ ಗೋಡೆ ದಾಟಿ ಹೊರಗೆ ಹೋಗಲು ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಬೇಕು. ಹೀಗಾಗಿ ಒಂದೇ ಹೊಡೆತ ಒತ್ತಡಕ್ಕೆ ನಿಧಾನ, ಶಾಖಕ್ಕೆ ಅವಸರ.

ಮರುಪ್ರಶ್ನೆ (ವಿದ್ಯಾರ್ಥಿನಿ): ಕಾರ್ಖಾನೆಯಲ್ಲಿ ಅಷ್ಟು ಹೊತ್ತು ಯಾರು ಕಾಯುತ್ತಾರೆ ಮೇಡಂ?

ಉತ್ತರ: ಯಾರೂ ಕಾಯುವುದಿಲ್ಲ. ಅನಂತ ನಿಧಾನದ ಎಂಜಿನ್ ಕೊಡುವ ಅಶ್ವಶಕ್ತಿಯೂ ಸೊನ್ನೆಯೇ! ನಾವು ಹೊಡೆತವನ್ನು ನಿಧಾನಿಸುವ ಬದಲು ನಡುವೆ ತಣಿಸುತ್ತೇವೆ. 27 ಡಿಗ್ರಿ ಸೆಲ್ಸಿಯಸ್‌ನ ಒಂದು ಮೋಲ್ ಗಾಳಿಯನ್ನು 1 ಬಾರ್‌ನಿಂದ 9 ಬಾರ್‌ಗೆ ಒಯ್ಯುವ ಆದರ್ಶ ಲೆಕ್ಕ, ಗಾಳಿಯನ್ನು ಒಳಗೆಳೆದು ಹೊರದೂಡುವ ಕೆಲಸವೂ ಸೇರಿ, ಹೀಗಿದೆ. ತಾಪ ಏರದಂತೆ ಒತ್ತಿದರೆ 5,480 ಜೂಲ್. ಶಾಖ ಹೊರಹೋಗದಂತೆ ಒಂದೇ ಹಂತದಲ್ಲಿ ಒತ್ತಿದರೆ ಸುಮಾರು 7,620; ಗಾಳಿ 289 ಡಿಗ್ರಿಗೆ ಏರುತ್ತದೆ. ಮೊದಲು 3 ಬಾರ್‌ಗೆ ಒತ್ತಿ, ಪುನಃ 27 ಡಿಗ್ರಿಗೆ ತಣಿಸಿ, ಆಮೇಲೆ 9ಕ್ಕೆ ಏರಿಸಿದರೆ ಸುಮಾರು 6,440. ನಡುವಿನ ನಿಲುಗಡೆ 3ರಲ್ಲೇ ಏಕೆ ಎಂದು ನೀವೇ ಕಂಡುಹಿಡಿಯಿರಿ, ಒಂದು ಸಲ ಅವಕಲನ ಮಾಡಿದರೆ ಬರುತ್ತದೆ.

ಪಂಕ್ಚರ್ ಅಂಗಡಿಯ ದೊಡ್ಡ ಕಂಪ್ರೆಸರಿನಲ್ಲಿ ಒಂದು ದಪ್ಪ, ಒಂದು ಸಣ್ಣ ಸಿಲಿಂಡರ್ ಇದ್ದರೆ ಅವುಗಳ ನಡುವಿನ ಕೊಳವೆಯನ್ನು ಗಮನಿಸಿ. ತಣಿಸಲೆಂದೇ ಅದಕ್ಕೆ ರೆಕ್ಕೆಗಳಿರುತ್ತವೆ, ಎದುರಿಗೆ ಫ್ಯಾನ್‌ನಂತೆ ಗಾಳಿ ಬೀಸುವ ಚಕ್ರವಿರುತ್ತದೆ. ಮುಟ್ಟಿ ಮಾತ್ರ ನೋಡಬೇಡಿ. ನಮ್ಮ ಲೆಕ್ಕದಲ್ಲಿ ಅದರೊಳಗೆ ನುಗ್ಗುವ ಗಾಳಿ 138 ಡಿಗ್ರಿ.