‘ಬರಿಗೈ ಮಸೆತ’ ಅಂದರೆ ಸರಿಯೇ? ಚಾಕು ಮಸೆಯುವ ಎರಡು ಬಗೆಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಚಾಕು ಮಸೆಯುವುದರ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಹೊಸದಾಗಿ ಕಲಿಯುವವರಿಗೆ, ಸುಲಭವಾದ ಕನ್ನಡದಲ್ಲಿ. ಮೊದಲ ಅಧ್ಯಾಯ ಸರಾಗವಾಗಿ ಮುಗಿಯಿತು. ಎರಡನೆಯದರ ತಲೆಬರಹಕ್ಕೇ ನಿಂತುಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ‘ಗೈಡೆಡ್’ ಮತ್ತು ‘ಫ್ರೀಹ್ಯಾಂಡ್’ ಅಂತ ಎರಡು ಬಗೆ ಹೇಳುತ್ತಾರಲ್ವಾ, ಅವೆರಡಕ್ಕೆ ಕನ್ನಡದಲ್ಲಿ ಏನನ್ನೋಣ?

ಈ ಕೆಲಸದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಫ್ರೀಹ್ಯಾಂಡ್ ಅಂದರೆ ಮಸೆಗಲ್ಲನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು, ಚಾಕುವನ್ನು ಅದರ ಮೇಲೆ ಓರೆಯಾಗಿ ಹಿಡಿದು ಮಸೆಯುವುದು. ಓರೆ ಹೆಚ್ಚುಕಡಿಮೆ ಆಗದಂತೆ ಕಾಯುವುದು ನಮ್ಮ ಮಣಿಕಟ್ಟೇ. ಗೈಡೆಡ್ ಅಂದರೆ ಓರೆಯನ್ನು ಒಂದು ಸಲಕರಣೆಗೆ ಒಪ್ಪಿಸುವುದು. ಲ್ಯಾನ್ಸ್ಕಿ ಕಂಪನಿಯ ಕಿಟ್ ನೋಡಿ. ಚಾಕುವನ್ನು ಒಂದು ಹಿಡಿಕೆಗೆ (ಕ್ಲ್ಯಾಂಪ್) ಬಿಗಿಯುತ್ತಾರೆ. ಕಲ್ಲಿಗೆ ಒಂದು ಸರಳು ಇರುತ್ತದೆ. ಆ ಸರಳನ್ನು ಹಿಡಿಕೆಯ ತೂತಿನೊಳಗೆ ತೂರಿಸಿ ಕಲ್ಲನ್ನು ಅಂಚಿನ ಮೇಲೆ ಆಡಿಸಬೇಕು. 17, 20, 25, 30 ಡಿಗ್ರಿ ಅಂತ ನಾಲ್ಕು ತೂತುಗಳು. ಎಡ್ಜ್ ಪ್ರೊ ಎನ್ನುವ ಸಲಕರಣೆಯಲ್ಲಿ ಚಾಕುವನ್ನು ಬಿಗಿಯುವುದಿಲ್ಲ. ಒಂದು ಪುಟ್ಟ ಹಲಗೆಯ ಮೇಲೆ ಕೈಯಲ್ಲೇ ಒತ್ತಿ ಹಿಡಿಯುತ್ತಾರೆ. ಸರಳು ಮಾತ್ರ ಕಲ್ಲನ್ನು ಒಂದೇ ಓರೆಯಲ್ಲಿ ನಡೆಸುತ್ತದೆ.

ಮೊದಲ ಕರಡಿನಲ್ಲಿ ಫ್ರೀಹ್ಯಾಂಡಿಗೆ ‘ಬರಿಗೈ ಮಸೆತ’ ಅಂತ ಬರೆದಿದ್ದೆ. ಕೇಳೋಕೆ ಚೆನ್ನಾಗಿತ್ತು. ಕರಡು ಓದಿದ ಗೆಳೆಯರೊಬ್ಬರು ಫೋನ್ ಮಾಡಿ, “ಬರಿಗೈ ಅಂದ್ರೆ ಗ್ಲೌಸ್ ಹಾಕ್ಕೋಬಾರದು ಅಂತಾನಾ?” ಅಂತ ಕೇಳಿದರು. ನನಗೆ ಗಾಬರಿಯೇ ಆಯಿತು. ಚಾಕು ಹಿಡಿಯುವವರಿಗೆ ಬರೆಯುವಾಗ ಇಂಥ ತಪ್ಪು ತಿಳಿವಳಿಕೆಗೆ ಜಾಗ ಇರಬಾರದು. ‘ಬರಿಗೈಯಲ್ಲಿ ಬಂದ’ ಅಂದರೆ ಕೈಯಲ್ಲಿ ಏನೂ ಇಲ್ಲದೆ ಬಂದ ಎಂದರ್ಥ. ಇಲ್ಲಿ ಒಂದು ಕೈ ಚಾಕುವಿನ ಹಿಡಿಯನ್ನು ಹಿಡಿದಿರುತ್ತದೆ, ಇನ್ನೊಂದು ಕೈಯ ಬೆರಳುಗಳು ಅಲಗನ್ನು ಒತ್ತಿರುತ್ತವೆ. ಬರಿಗೈ ಎಲ್ಲಿಂದ ಬಂತು? ಆ ಪದವನ್ನು ಅಂದೇ ಹೊಡೆದು ಹಾಕಿದೆ.

ಆಮೇಲೆ ‘ಮುಕ್ತಹಸ್ತ’ ನೆನಪಾಯಿತು. ಸ್ಕೇಲು, ಕೈವಾರ ಇಲ್ಲದೆ ಬರೆಯುವ ಚಿತ್ರಕ್ಕೆ ಮುಕ್ತಹಸ್ತ ಚಿತ್ರ ಅನ್ನುವುದುಂಟು. ಆದರೆ ದಿನದ ಮಾತಿನಲ್ಲಿ ಮುಕ್ತಹಸ್ತ ಅಂದರೆ ಧಾರಾಳ. ಮುಕ್ತಹಸ್ತದಿಂದ ದಾನ ಮಾಡಿದರು ಅನ್ನುತ್ತೇವೆ. ಚಾಕುವಿನ ಉಕ್ಕನ್ನು ಧಾರಾಳವಾಗಿ ಸವೆಸಿಬಿಡಿ ಅಂತ ಓದುಗರು ತಿಳಿದುಕೊಂಡರೆ ಕಷ್ಟ. ಮಸೆಯುವವರು ಮೊದಲು ಕಲಿಯಬೇಕಾದದ್ದೇ ಬೇಕಾದಷ್ಟು ಮಾತ್ರ ಸವೆಸುವುದನ್ನು.

‘ಕೈಮಸೆತ’ ಸಾಕಲ್ವಾ ಅಂತ ಕೆಲವರು ಹೇಳಬಹುದು. ಅದೂ ಪೂರ್ತಿ ಸರಿಯಿಲ್ಲ. ಲ್ಯಾನ್ಸ್ಕಿಯಲ್ಲೂ ಕಲ್ಲನ್ನು ಆಡಿಸುವುದು ಕೈಯೇ. ಮೋಟರ್ ಇಲ್ಲ, ಬೆಲ್ಟ್ ಇಲ್ಲ. ‘ಕೈಮಸೆತ’ ಅಂದರೆ ತಿರುಗುವ ಸಾಣೆಯಿಂದ ಬೇರೆ ಅಂತ ಗೊತ್ತಾಗುತ್ತದೆ. ನನಗೆ ಬೇಕಾದ ಎರಡು ಬಗೆಗಳು ಬೇರೆಬೇರೆ ಅಂತ ಗೊತ್ತಾಗುವುದಿಲ್ಲ.

ಹಾಗಾದರೆ ಇವೆರಡರ ನಡುವೆ ನಿಜವಾಗಿ ಬೇರೆ ಏನಿದೆ? ಬಹಳ ದಿನ ಯೋಚಿಸಿದೆ. ನನಗೆ ಕಂಡದ್ದು ಒಂದೇ: ಕೋನವನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ ಅನ್ನುವುದು. ಕಲ್ಲು ಅದೇ, ಒತ್ತಡ ಅದೇ, ಕೊನೆಗೆ ಬರುವ ಹರಿತವೂ ಅದೇ ಇರಬಹುದು.

ಆ ಕೋನ ಎಷ್ಟು ಸೂಕ್ಷ್ಮ ಅಂತ ಒಂದು ಲೆಕ್ಕ ಹೇಳುತ್ತೇನೆ. ಬಾಯಿಂದ, ಅಂದರೆ ಹರಿತದ ಅಂಚಿನಿಂದ, ಬೆನ್ನಿನವರೆಗೆ 40 ಮಿಲಿಮೀಟರ್ ಅಗಲ ಇರುವ ಅಲಗು ತೆಗೆದುಕೊಳ್ಳಿ. ಬಾಯಿ ಕಲ್ಲಿಗೆ ತಾಗಿರಲಿ. 15 ಡಿಗ್ರಿ ಬೇಕಾದರೆ ಬೆನ್ನು ಕಲ್ಲಿನಿಂದ 10 ಮಿಲಿಮೀಟರಿಗಿಂತ ಚೂರು ಮೇಲಿರಬೇಕು. 20 ಡಿಗ್ರಿ ಬೇಕಾದರೆ ಸುಮಾರು 14 ಮಿಲಿಮೀಟರ್. ಎರಡರ ನಡುವೆ ಇರುವುದು ಮೂರು ಮಿಲಿಮೀಟರ್ ಚಿಲ್ಲರೆ, ಅಷ್ಟೇ. ನೂರಾರು ಸಲ ಮುಂದೆ ಹಿಂದೆ ಆಡಿಸುವಾಗಲೂ ಈ ಎತ್ತರ ತಪ್ಪಬಾರದು. ಸ್ವಲ್ಪ ತಪ್ಪೇ ತಪ್ಪುತ್ತದೆ. ಅದಕ್ಕೇ ಕೈಯಲ್ಲಿ ಮಸೆದ ಅಂಚು ಸಮತಟ್ಟಾಗಿರದೆ ಕೊಂಚ ಉಬ್ಬಿಕೊಂಡಿರುತ್ತದೆ. ಉಬ್ಬು ಸಣ್ಣದಿದ್ದರೆ ಕೆಲಸಕ್ಕೆ ತೊಂದರೆಯಿಲ್ಲ. ಜಾಸ್ತಿಯಾದರೆ ಎಷ್ಟು ಮಸೆದರೂ ಬಾಯಿ ಮೊಂಡಾಗಿಯೇ ಉಳಿಯುತ್ತದೆ. ನಾನು ಮೊದಲ ತಿಂಗಳೆಲ್ಲ ಇದರಲ್ಲೇ ಕಳೆದೆ.

ಹಾಗಾಗಿ ಪದದಲ್ಲಿ ಕೋನ ಇರಬೇಕು, ಅಥವಾ ಓರೆ ಇರಬೇಕು ಅನ್ನಿಸಿತು. ‘ಕೈಯೋರೆ’, ‘ಕಟ್ಟೋರೆ’ ಅಂತ ಕಟ್ಟಿ ನೋಡಿದೆ. ಎರಡನೆಯದು ಕಿವಿಗೆ ಇಷ್ಟವಾಯಿತು. ಮೊದಲನೆಯದನ್ನು ಕೇಳಿದರೆ ಕೈ ಸೊಟ್ಟಗಿದೆ ಅನ್ನಿಸುತ್ತದೆ. ಇನ್ನೊಂದು ತೊಡಕೂ ಇದೆ. ‘ಓರೆ’ಯ ಪಕ್ಕದಲ್ಲೇ ‘ಒರೆ’ ಕೂತಿದೆ. ಒರೆ ಅಂದರೆ ಕತ್ತಿಯನ್ನು ಇಡುವ ಚೀಲ. ಚಿನ್ನವನ್ನು ಉಜ್ಜಿ ನೋಡುವುದೂ ಒರೆಯೇ, ಆ ಕಲ್ಲು ಒರೆಗಲ್ಲು. ಮಸೆಗಲ್ಲಿಗೆ ‘ಒರೆಗಲ್ಲು’ ಅಂತ ಬರೆದದ್ದನ್ನು ನಾನು ಎರಡು ಮೂರು ಕಡೆ ನೋಡಿದ್ದೇನೆ. ಅದು ತಪ್ಪು ಅಂತಲೇ ನನ್ನ ಅನಿಸಿಕೆ. ಒರೆಗಲ್ಲು ಪರೀಕ್ಷೆ ಮಾಡುತ್ತದೆ, ಮಸೆಗಲ್ಲು ಅಂಚನ್ನು ಸವೆಸುತ್ತದೆ. ಚಾಕುವಿನ ಪುಸ್ತಕದಲ್ಲಿ ಒರೆ, ಓರೆ, ಒರೆಗಲ್ಲು ಮೂರೂ ಒಟ್ಟಿಗೆ ಬಂದರೆ ಓದುಗರಿಗೆ ಗೊಂದಲ ಖಂಡಿತ.

ಕೊನೆಗೆ ‘ಕಣ್ಣಳತೆ’ ಎನ್ನುವ ಪದ ದಾರಿ ತೋರಿಸಿತು. ಅಳತೆಗೋಲು ಇಲ್ಲದೆ ಕಣ್ಣಲ್ಲೇ ಅಂದಾಜು ಮಾಡುವುದಕ್ಕೆ ಕಣ್ಣಳತೆ ಅನ್ನುತ್ತೇವೆ. ಅದೇ ದಾರಿಯಲ್ಲಿ ಫ್ರೀಹ್ಯಾಂಡಿಗೆ ‘ಕೈಯಳತೆಯ ಮಸೆತ’ ಅನ್ನಬಹುದಲ್ವಾ? ಕೋನವನ್ನು ಅಳೆಯುವುದು ಕೈ. ಅದಕ್ಕೆ ಜೊತೆಯಾಗಿ ಗೈಡೆಡ್‌ಗೆ ‘ಕಟ್ಟಳತೆಯ ಮಸೆತ’. ಮೊದಲೇ ಕಟ್ಟಿಟ್ಟ ಅಳತೆ. ಸಲಕರಣೆಗೆ ಮಾತ್ರ ‘ಮಸೆಕಟ್ಟು’ ಅನ್ನುವುದು ನನ್ನ ಆಲೋಚನೆ. ‘ಮಾರ್ಗದರ್ಶಿತ ಹರಿತಗೊಳಿಸುವಿಕೆ ವ್ಯವಸ್ಥೆ’ ಅಂತ ಬರೆಯಲು ನನಗೆ ಮನಸ್ಸೇ ಬರುವುದಿಲ್ಲ. ಅದನ್ನು ಓದಿ ಯಾರೂ ಕಲ್ಲು ಕೈಗೆತ್ತಿಕೊಳ್ಳಲಾರರು.

ಕಟ್ಟಳತೆ ಎನ್ನುವುದಕ್ಕೆ ಒಂದು ಆಕ್ಷೇಪ ಬರಬಹುದು. ಅಳತೆ ನಿಜಕ್ಕೂ ಕಟ್ಟಿಟ್ಟ ಹಾಗೇ ಇರುತ್ತದೆಯೇ? ಪೂರ್ತಿ ಇರುವುದಿಲ್ಲ. ತೂತಿನ ಪಕ್ಕ 20 ಅಂತ ಬರೆದಿರುತ್ತದೆ. ಆದರೆ ಅಗಲದ ಚಾಕು ಬಿಗಿದರೆ ಅದರ ಅಂಚು ತೂತಿನಿಂದ ದೂರ ಹೋಗುತ್ತದೆ. ತೂತು ಅದೇ, ಕೋನ ಮಾತ್ರ ಚಿಕ್ಕದಾಗುತ್ತದೆ. ಹಲವು ಸಲಕರಣೆಗಳಲ್ಲಿ ದಪ್ಪ ಕಲ್ಲು ತೆಗೆದು ತೆಳು ಕಲ್ಲು ಹಾಕಿದರೂ ಕೋನ ಸ್ವಲ್ಪ ಸರಿಯುತ್ತದೆ. ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿದ್ದು. ಅಂಚು ನೇರವಾಗಿರುವಷ್ಟು ದೂರವೂ ಕೋನ ಬದಲಾಗುವುದಿಲ್ಲ. ಚಾಕು ಎಷ್ಟು ಉದ್ದ ಅನ್ನುವುದು ಮುಖ್ಯವೇ ಅಲ್ಲ. ಬದಲಾಗುವುದು ಅಂಚು ತುದಿಯ ಕಡೆಗೆ ಬಾಗುವ ಜಾಗದಲ್ಲಿ. ಚಾಕುವನ್ನು ಹಿಡಿಕೆಯಲ್ಲಿ ಎಲ್ಲಿ ಬಿಗಿದಿದ್ದೀರಿ ಅನ್ನುವುದರ ಮೇಲೆ ಅಲ್ಲಿ ಕೋನ ದೊಡ್ಡದೋ ಚಿಕ್ಕದೋ ಆಗುತ್ತದೆ. ಅಂಚಿನ ಮೇಲೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ ನಾಲ್ಕು ಸಲ ಕಲ್ಲು ಆಡಿಸಿ ನೋಡಿ. ಎಲ್ಲಿ ಬಣ್ಣ ಹೋಗಿದೆ, ಎಲ್ಲಿ ಉಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ. ಇಷ್ಟಾದರೂ ‘ಕಟ್ಟಳತೆ’ ಪದವನ್ನು ಬಿಡಬೇಕು ಅಂತ ನನಗನ್ನಿಸುವುದಿಲ್ಲ. ಅಳತೆಯನ್ನು ಕಟ್ಟಲು ಮಾಡಿದ ಸಲಕರಣೆ ಅದು.

ನನಗೆ ನಿಜವಾಗಿ ತಲೆ ಕೆಡಿಸಿದ್ದು ಸ್ಪೈಡರ್ಕೋ ಕಂಪನಿಯ ಶಾರ್ಪ್‌ಮೇಕರ್. ಒಂದು ಬುಡದಲ್ಲಿ ಎರಡು ಸೆರಾಮಿಕ್ ಕೋಲುಗಳನ್ನು ‘ವಿ’ ಆಕಾರದಲ್ಲಿ ನೆಟ್ಟಿರುತ್ತಾರೆ. ಚಾಕುವನ್ನು ನೆಟ್ಟಗೆ ಹಿಡಿದು ಮೇಲಿಂದ ಕೆಳಗೆ ಎಳೆಯಬೇಕು, ಒಮ್ಮೆ ಈ ಕೋಲಿಗೆ, ಒಮ್ಮೆ ಆ ಕೋಲಿಗೆ. ಕೋಲಿನ ಓರೆ ಕಟ್ಟಿಟ್ಟದ್ದು. ಚಾಕು ಮಾತ್ರ ಕೈಯಳತೆ. ಆದರೆ ‘ನೆಟ್ಟಗೆ’ ಅನ್ನುವುದು ಕಣ್ಣಿಗೂ ಕೈಗೂ ಮೊದಲಿನಿಂದ ಗೊತ್ತಿರುವ ಅಳತೆ. 15 ಡಿಗ್ರಿ ಹಿಡಿ ಅಂದರೆ ತಡವರಿಸುವ ಕೈ, ನೆಟ್ಟಗೆ ಹಿಡಿ ಅಂದರೆ ಸರಿಯಾಗಿಯೇ ಹಿಡಿಯುತ್ತದೆ. ಇದನ್ನು ಯಾವ ಗುಂಪಿಗೆ ಸೇರಿಸೋಣ? ‘ಅರೆಗಟ್ಟು’ ಅಂತ ಬರೆದು ಅಳಿಸಿ, ಮತ್ತೆ ಬರೆದಿದ್ದೇನೆ. ನಿಮಗೆ ಏನನ್ನಿಸುತ್ತದೆ ಹೇಳಿ.

ಈ ಶಾರ್ಪ್‌ಮೇಕರ್‌ನಲ್ಲೇ ಇನ್ನೊಂದು ಪದದ ತೊಂದರೆ ಇದೆ. ಅದರಲ್ಲಿ 30 ಮತ್ತು 40 ಡಿಗ್ರಿ ಅಂತ ಇರುತ್ತದೆ. ಅದು ಎರಡೂ ಬದಿ ಸೇರಿದ ಕೋನ. ಲ್ಯಾನ್ಸ್ಕಿಯ 20 ಅಂದರೆ ಒಂದು ಬದಿಯದು. ಅಂದರೆ ಇಲ್ಲಿಯ 40, ಅಲ್ಲಿಯ 20 ಎರಡೂ ಒಂದೇ ಅಂಚು. ಇದು ಗೊತ್ತಿಲ್ಲದೆ ಒಂದು ಬದಿಗೇ 40 ಡಿಗ್ರಿ ಹಿಡಿದು ಮಸೆದರೆ ಚಾಕುವಿನ ಅಂಚು ತೀರಾ ದಪ್ಪವಾಗಿಬಿಡುತ್ತದೆ. ಕೈಪಿಡಿಯಲ್ಲಿ ನಾನು ಒಂದು ಬದಿಯದಕ್ಕೆ ‘ಬದಿಕೋನ’, ಎರಡೂ ಸೇರಿದ್ದಕ್ಕೆ ‘ಬಾಯಿಕೋನ’ ಅಂತ ಬಳಸುತ್ತಿದ್ದೇನೆ. ಬಾಯಿ ಅಂದರೆ ಕತ್ತಿಯ ಹರಿತದ ಅಂಚು ಅನ್ನುವುದು ಹೊಸದಲ್ಲ, ‘ಬಾಯ್ಧಾರೆ’ ಅಂತ ಹಳೆಯ ಕಾವ್ಯಗಳಲ್ಲೇ ಇದೆ. ಕನ್ನಡ, ಸಂಸ್ಕೃತ ಬೆರೆತ ಜೋಡಿ ಅಂತ ಅರಿಸಮಾಸದ ಮಾತು ಎತ್ತುವವರಿದ್ದಾರೆ ಅಂತ ಗೊತ್ತು. ಇಲ್ಲಿ ಅರ್ಥ ತಿಳಿಯಾಗಿದೆ, ನಾನು ಬಿಡುವುದಿಲ್ಲ.

ಇನ್ನು ಕ್ರಿಯಾಪದಗಳು. ಇಲ್ಲಿ ಕನ್ನಡ ಬಹಳ ಶ್ರೀಮಂತವಾಗಿದೆ, ನಾವು ಸುಮ್ನೆ ಎಲ್ಲದಕ್ಕೂ ‘ಹರಿತಗೊಳಿಸು’ ಅಂತ ಬರೆದು ಕೈತೊಳೆದುಕೊಳ್ಳುತ್ತಿದ್ದೇವೆ. ‘ಮಸೆ’ ಅಂದರೆ ಕಲ್ಲಿನ ಮೇಲೆ ಮುಂದೆ ಹಿಂದೆ ಉಜ್ಜುವುದು. ಹಲ್ಲು ಮಸೆಯುವುದೂ ಅದೇ ಚಲನೆ. ‘ಸಾಣೆ’ ಸಂಸ್ಕೃತದ ‘ಶಾಣ’ದಿಂದ ಬಂದದ್ದು. ತೇಯುವ ಕಲ್ಲಿಗೂ ಸಾಣೆಕಲ್ಲು ಅನ್ನುವುದುಂಟು. ಆದರೆ ‘ಸಾಣೆ ಹಿಡಿ’ ಅಂದರೆ ನನ್ನ ಕಣ್ಣಿಗೆ ಬರುವುದು ತಿರುಗುವ ಚಕ್ರ. ಚಕ್ರ ತಿರುಗುತ್ತದೆ, ನಾವು ಚಾಕುವನ್ನು ಅದಕ್ಕೆ ಹಿಡಿಯುತ್ತೇವೆ. ಎರಡಕ್ಕೂ ನುಡಿಗಟ್ಟಿನಲ್ಲೂ ಬೇರೆಬೇರೆ ಜಾಗ ಸಿಕ್ಕಿದೆ. ಹಗೆಗೆ ‘ಕತ್ತಿ ಮಸೆ’, ಬುದ್ಧಿಗೆ ‘ಸಾಣೆ ಹಿಡಿ’. ಬುದ್ಧಿ ಮಸೆದ ಅಂತ ಯಾರೂ ಹೇಳುವುದಿಲ್ಲ. ಕೈಪಿಡಿಯಲ್ಲಿ ಇವನ್ನು ಬೇರೆ ಇಡಲು ಇನ್ನೊಂದು ಕಾರಣವೂ ಇದೆ. ವೇಗವಾಗಿ ತಿರುಗುವ ಒಣ ಚಕ್ರಕ್ಕೆ ಹಿಡಿದರೆ ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ನೀಲಿ ಬಣ್ಣ ಬಂತೆಂದರೆ ಅಲ್ಲಿ ಸಾಮಾನ್ಯ ಉಕ್ಕಿನ ಹದ ಹೋದ ಹಾಗೇ. ಕಲ್ಲಿನ ಮೇಲೆ ಕೈಯಲ್ಲಿ ಮಸೆಯುವಾಗ ಈ ಭಯವಿಲ್ಲ.

ಮೂರನೆಯದು ‘ತೀಡು’. ಮಸೆದಾದ ಮೇಲೆ ತೊಗಲಿನ ಪಟ್ಟಿಯ ಮೇಲೆ ಅಂಚನ್ನು ಹಿಮ್ಮುಖವಾಗಿ ಎಳೆದು ನಯ ಮಾಡುತ್ತಾರಲ್ಲ, ಅದಕ್ಕೆ ಈ ಪದ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಹುಬ್ಬು ತೀಡುವ ಹಾಗೆ ಹಗುರವಾದ, ಒಂದೇ ದಿಕ್ಕಿನ ಕೆಲಸ. ತಮಿಳಿನಲ್ಲಿ ‘ತೀಟ್ಟು’ ಅಂದರೆ ಕತ್ತಿ ಹರಿತ ಮಾಡುವುದೇ. ನಮ್ಮಲ್ಲಿ ಈ ಅರ್ಥ ಮಂಕಾಗಿದೆ. ಮತ್ತೆ ಬಳಕೆಗೆ ತರಬೇಕು ಅನ್ನುವುದು ನನ್ನ ಆಸೆ.

ಯಾವ ಬಗೆ ಒಳ್ಳೆಯದು ಅಂತ ಕೆಲವರು ಕೇಳಿಯೇ ಕೇಳುತ್ತೀರಿ. ನಾನು ಮಸೆಕಟ್ಟಿನಿಂದ ಶುರು ಮಾಡಿದವನು. ಸರಿಯಾದ ಅಂಚು ಹೇಗಿರುತ್ತದೆ ಅಂತ ಅದು ತೋರಿಸಿಕೊಟ್ಟಿತು. ಆಮೇಲೆ ಬರಿಯ ಕಲ್ಲಿನ ಮೇಲೆ ಅದೇ ಅಂಚನ್ನು ಹುಡುಕುತ್ತಾ ಹೋದೆ. ಅಂಚು ಚಿಪ್ಪೆದ್ದು ಹೋಗಿ ಹೊಸ ಕೋನವನ್ನೇ ಕೊಡಬೇಕಾದಾಗ ಈಗಲೂ ಮಸೆಕಟ್ಟನ್ನೇ ತೆಗೆಯುತ್ತೇನೆ. ಉಳಿದ ದಿನ ಕಲ್ಲು ಸಾಕು. ಬಿಗಿಯುವುದು ಬಿಚ್ಚುವುದು ಇಲ್ಲ, ಐದು ನಿಮಿಷದ ಕೆಲಸ.

ಕೊನೆಯದಾಗಿ, ನನಗೆ ಯಾವ ಪದವೂ ಸಿಗದೆ ಉಳಿದ ಒಂದು ವಸ್ತು. ಒಂದು ಬದಿಯನ್ನು ಸಾಕಷ್ಟು ಮಸೆದಾಗ ಲೋಹ ಇನ್ನೊಂದು ಬದಿಗೆ ಕೂದಲೆಳೆಯಷ್ಟು ಮಗುಚಿಕೊಳ್ಳುತ್ತದೆ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಹೊರಕ್ಕೆ ಸವರಿದರೆ ತರಿತರಿಯಾಗಿ ತಾಗುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳು ಆಡಿಸಬೇಡಿ, ಕೊಯ್ಯುತ್ತದೆ. ಇದು ಸಿಕ್ಕಿದರೆ ಆ ಬದಿ ಮುಗಿಯಿತು, ಚಾಕು ತಿರುಗಿಸಬಹುದು ಅಂತ ಅರ್ಥ. ಕೈಯಳತೆಯಲ್ಲೂ ಕಟ್ಟಳತೆಯಲ್ಲೂ ದಾರಿ ತೋರಿಸುವುದು ಇದೇ. ಇಂಗ್ಲಿಷಿನಲ್ಲಿ ‘ಬರ್’. ಜಪಾನಿಯಲ್ಲಿ ‘ಕಾಎರಿ’, ಹಿಂದಕ್ಕೆ ತಿರುಗಿದ್ದು ಅನ್ನುವ ಅರ್ಥದ್ದು. ನಾನು ಸದ್ಯಕ್ಕೆ ‘ಸಿಬಿರು’ ಅಂತ ಬರೆದಿದ್ದೇನೆ. ಮರದ ಸಿಬಿರು ಬೆರಳಿಗೆ ತಾಗುವ ಹಾಗೇ ಇದೂ ತಾಗುತ್ತದೆ. ಆದರೆ ಸಿಬಿರು ಎದ್ದು ನಿಲ್ಲುತ್ತದೆ, ಇದು ಮಗುಚಿ ಮಲಗುತ್ತದೆ. ಆ ಮಗುಚುವಿಕೆ ಪದದಲ್ಲಿ ಬಂದರೆ ಇನ್ನೂ ಒಳ್ಳೆಯದು.

ಕಮ್ಮಾರಿಕೆ, ಬಡಗಿ ಕೆಲಸ, ಲೇತ್ ಕೆಲಸ ಮಾಡುವವರು ಅಥವಾ ಅವರ ಮನೆಯವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಉಳಿ ಮಸೆಯುವಾಗ ಅಂಚಿನಲ್ಲಿ ಏಳುವ ಈ ಎಳೆಗೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ?